ಪಿಟಿಎ ಬಿಟ್ಟು ಸ್ವತಂತ್ರ ಪಿಟಿಓ ಮಾಡಿಕೊಂಡರೆ ಏನು ಲಾಭ, ಏನು ಕಷ್ಟ?

ಎರಡನೇ ಕ್ಲಾಸ್ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮಗಳು ಎಲಿಮೆಂಟರಿ ಶಾಲೆಯಲ್ಲಿ ಎರಡನೇ ಕ್ಲಾಸ್. ಈ ವರ್ಷ ಶಾಲೆಯ ಪಿಟಿಎಗೆ (ರಾಷ್ಟ್ರೀಯ ಸಂಸ್ಥೆಗೆ ಸೇರಿದ ಪೋಷಕರ ಮತ್ತು ಟೀಚರ್ ಸಂಘ) ನಾನು ಸೆಕ್ರೆಟರಿ. ಮಿನಿಟ್ಸ್ ಬರೆಯುವುದು, ಎಲ್ಲರಿಗೂ ಮೇಲ್ ಕಳಿಸುವುದು, ವಾಲಂಟಿಯರ್ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸ ಇಷ್ಟವಾಗಿದೆ. ಮಗಳ ಟೀಚರ್ ಜೊತೆ, ಬೇರೆ ಅಪ್ಪ ಅಮ್ಮಂದಿರ ಜೊತೆ ಮಾತು ಶುರುವಾಗಿದ್ದೇ ಇದರಿಂದ.

ಹೋದ ಮೀಟಿಂಗಿನಲ್ಲಿ ಅಧ್ಯಕ್ಷೆ ಒಂದು ವಿಷಯ ಎತ್ತಿದರು. ನಾವು ಪಿಟಿಎಯಿಂದ ಹೊರಗೆ ಬಂದು ನಮ್ಮದೇ ಸ್ವತಂತ್ರ ಪಿಟಿಓ, ಅಂದರೆ ರಾಷ್ಟ್ರೀಯ ಪಿಟಿಎಗೆ ಸೇರದ ಅಂಥದ್ದೇ ಗುಂಪು, ಮಾಡಿಕೊಳ್ಳೋಣ ಅಂತ. ಪ್ರತಿ ಸದಸ್ಯರ ಚಂದಾದಲ್ಲಿ ಒಂದು ಪಾಲು ರಾಜ್ಯದ ಪಿಟಿಎಗೆ, ಇನ್ನೊಂದು ಪಾಲು ರಾಷ್ಟ್ರೀಯ ಪಿಟಿಎಗೆ ಹೋಗುತ್ತದೆ. ಆ ದುಡ್ಡು ನಮ್ಮ ಮಕ್ಕಳಿಗೇ ಉಳಿಯಲಿ ಅನ್ನುವುದು ಅವರ ವಾದ. ಪ್ರಿನ್ಸಿಪಾಲ್ ಕೂಡ ತಲೆಯಾಡಿಸಿದರು. ಮುಂದಿನ ತಿಂಗಳೇ ವೋಟ್ ಹಾಕಿ ಮುಗಿಸಿಬಿಡೋಣ ಅಂತ ಮಾತಾಗಿದೆ.

ನನಗೆ ಎರಡು ಕಡೆಯೂ ಸರಿ ಅನಿಸುತ್ತಿದೆ. ಹೊರಗೆ ಬಂದರೆ ತೆರಿಗೆ, ಬ್ಯಾಂಕ್ ಖಾತೆ, ಇನ್ಶೂರೆನ್ಸ್ ಎಲ್ಲ ಯಾರು ನೋಡಿಕೊಳ್ಳಬೇಕು? ಈಗ ಖಾತೆಯಲ್ಲಿ ಇರುವ ಹಣ ಏನಾಗುತ್ತದೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಇಂಥ ಗುಂಪು ದುಡ್ಡು ಎತ್ತುವುದಕ್ಕಿಂತ ಹೆಚ್ಚಿನದೇನಾದರೂ ಮಾಡುತ್ತದಾ? ನನ್ನ ಗಂಡನೇ ಮೊನ್ನೆ ಕೇಳಿದರು, ಬರೀ ರ‍್ಯಾಫಲ್ ಟಿಕೆಟ್ ಮಾರಲು ಇಷ್ಟೊಂದು ಮೀಟಿಂಗ್ ಬೇಕಾ ಅಂತ. ನನಗೆ ಉತ್ತರ ಕೊಡಲು ಆಗಲಿಲ್ಲ. ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಸದಸ್ಯೆ

ಹೊರಗೆ ಬರುವ ಮೊದಲು ಏನನ್ನು ಬಿಡುತ್ತಿದ್ದೀರಿ ಅಂತ ಒಮ್ಮೆ ನೋಡಿ. ನಾನು ಪಿಟಿಎ ಪರ.

ಈ ಸಂಸ್ಥೆ 1897ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾಯಿತು. ಆಲಿಸ್ ಮೆಕ್‌ಲೆಲನ್ ಬರ್ನಿ ಮತ್ತು ಫೀಬಿ ಆ್ಯಪರ್ಸನ್ ಹರ್ಸ್ಟ್ ಅನ್ನುವ ಇಬ್ಬರು ಹೆಂಗಸರು ಕಟ್ಟಿದ್ದು. ಆಗ ಇಲ್ಲಿ ಹೆಂಗಸರಿಗೆ ದೇಶದ ಮಟ್ಟದಲ್ಲಿ ವೋಟಿನ ಹಕ್ಕೇ ಇರಲಿಲ್ಲ. ಮಕ್ಕಳನ್ನು ಕಾರ್ಖಾನೆ ಕೆಲಸದಿಂದ ಬಿಡಿಸುವ ಕಾನೂನು, ಶಾಲೆಯಲ್ಲಿ ಬಿಸಿ ಊಟ, ಕಿಂಡರ್‌ಗಾರ್ಟನ್, ಲಸಿಕೆ, ಇವೆಲ್ಲದರ ಹಿಂದೆ ಇವರ ಒತ್ತಾಯವೂ ಇತ್ತು. ಮೇ ತಿಂಗಳಲ್ಲಿ ಟೀಚರ್‌ಗಳಿಗೆ ಧನ್ಯವಾದ ಹೇಳುವ ವಾರ ಮಾಡುತ್ತೀರಲ್ಲ, ಅದನ್ನು 1984ರಿಂದ ನಡೆಸಿಕೊಂಡು ಬಂದಿರುವುದೂ ಪಿಟಿಎಯೇ.

ಒಂದು ಶಾಲೆಯ ಗುಂಪು ರಾಜಧಾನಿಗೆ ಹೋಗಿ ಶಾಲಾ ಬಜೆಟ್ ಬಗ್ಗೆ ಮಾತಾಡಿದರೆ ಯಾರು ಕೇಳುತ್ತಾರೆ? ರಾಜ್ಯದ ಪಿಟಿಎ ಹೋದರೆ ಬಾಗಿಲು ತೆರೆಯುತ್ತದೆ. ನಿಮ್ಮ ಚಂದಾದ ಪಾಲು ಹೋಗುವುದು ಅದಕ್ಕೆ. ಖಜಾಂಚಿಗೆ ತರಬೇತಿ, ಸಿದ್ಧ ಬೈಲಾ, ಜಗಳ ಬಂದರೆ ಫೋನ್ ಮಾಡಿ ಕೇಳಲು ಒಬ್ಬರು, ಇದೂ ಸಿಗುತ್ತದೆ. ಇದಕ್ಕೆಲ್ಲ ಬೆಲೆ ಇದೆ.

ಮಾಜಿ ಖಜಾಂಚಿ

ಮೇಡಂ, ನಮ್ಮ ಶಾಲೆಯಲ್ಲೂ ಇದೇ ಚರ್ಚೆ ನಡೆದು ನಾವು ಹೊರಗೆ ಬಂದೆವು. ಹೊಸ ಪಿಟಿಓಗೆ ನಾನು ಖಜಾಂಚಿ ಆಗಿದ್ದೆ. ಹೊರಗೆ ಬಂದದ್ದು ಒಳ್ಳೆಯದೇ ಆಯಿತು ಅಂತ ಈಗಲೂ ನಂಬಿದ್ದೇನೆ. ಆದರೆ ನಿಮ್ಮ ಅಧ್ಯಕ್ಷೆ ಹೇಳಿದ ಕಾರಣಕ್ಕೆ ಅಲ್ಲ.

ಚಂದಾ ಉಳಿಸೋಕೆ ಅಂತ ಹೊರಗೆ ಬರಬೇಡಿ. ಒಬ್ಬೊಬ್ಬರ ಲೆಕ್ಕದಲ್ಲಿ ಉಳಿಯುವುದು ಕೆಲವೇ ಡಾಲರ್. ಅದರ ಜಾಗದಲ್ಲಿ ಇನ್ಶೂರೆನ್ಸ್, ಐಆರ್‌ಎಸ್ (ಕೇಂದ್ರ ತೆರಿಗೆ ಇಲಾಖೆ) ಅರ್ಜಿ, ರಾಜ್ಯದ ನೋಂದಣಿ ಎಲ್ಲ ನಿಮ್ಮ ಹೆಗಲಿಗೆ ಬರುತ್ತದೆ. ಮೊದಲ ವರ್ಷ ಲೆಕ್ಕ ಹಾಕಿದರೆ ಉಳಿತಾಯ ಅನ್ನುವಂಥದ್ದು ಏನೂ ಕಾಣುವುದಿಲ್ಲ.

ನಮಗೆ ಸಿಕ್ಕ ನಿಜವಾದ ಲಾಭ ಬೇರೆ. ಪಿಟಿಎಯಲ್ಲಿ ಚಂದಾ ಕಟ್ಟಿದವರು ಮಾತ್ರ ಸದಸ್ಯರು, ಅವರಿಗೆ ಮಾತ್ರ ವೋಟ್. ನಾವು ಹೊಸ ಬೈಲಾ ಬರೆಯುವಾಗ ಮೊದಲ ಸಾಲೇ ಬದಲಾಯಿಸಿದೆವು. ಶಾಲೆಯಲ್ಲಿ ಓದುವ ಪ್ರತಿ ಮಗುವಿನ ಪೋಷಕರೂ ಸದಸ್ಯರು, ಶಾಲೆಯ ಎಲ್ಲ ಸಿಬ್ಬಂದಿಯೂ ಸದಸ್ಯರು, ಚಂದಾ ಇಲ್ಲ ಅಂತ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಗುವಿನ ಅಜ್ಜಿಗೂ ವೋಟ್. ರಾತ್ರಿ ಪಾಳಿ ಮುಗಿಸಿ ಬಂದು ಮಗುವನ್ನು ಬಿಟ್ಟು ಹೋಗುವ ಅಮ್ಮನಿಗೂ ವೋಟ್. ಶಾಲೆ ಗುಡಿಸಿ ಒರೆಸುವ ಕಸ್ಟೋಡಿಯನ್‌ಗೂ ವೋಟ್. ಅಲ್ಲಿಯವರೆಗೆ ಮೀಟಿಂಗಿಗೆ ಬಂದವರೆಲ್ಲ ಒಂದೇ ಬೀದಿಯವರು ಅನ್ನುವ ಹಾಗಿತ್ತು. ಬೈಲಾ ಬದಲಾದ ತಕ್ಷಣ ಹಾಲ್ ತುಂಬಿತು ಅಂತ ಹೇಳುವುದಿಲ್ಲ, ತುಂಬಲಿಲ್ಲ. ಆದರೆ ಫೋನ್ ಮಾಡಿ ಕರೆಯುವಾಗ "ನೀವು ಆಗಲೇ ಸದಸ್ಯರು, ಬನ್ನಿ" ಅನ್ನಬಹುದಾಯಿತು. "ಮೊದಲು ಚಂದಾ ಕಟ್ಟಿ, ಆಮೇಲೆ ಮಾತಾಡಿ" ಅನ್ನುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನು ಕಾಗದ ಪತ್ರ. ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ಗುಂಪುಗಳು ಎಡವುವುದು ಇಲ್ಲೇ.

ಈಗ ನಿಮಗೆ ತೆರಿಗೆ ವಿನಾಯಿತಿ ಬಹುಶಃ ರಾಜ್ಯದ ಪಿಟಿಎಯ ಗುಂಪು ವಿನಾಯಿತಿಯ ಅಡಿಯಲ್ಲಿ ಸಿಕ್ಕಿರುತ್ತದೆ. ಹೊರಗೆ ಬಂದ ದಿನ ಅದು ಹೋಯಿತು. ಬೋರ್ಡ್ ಮೇಲೆ ಹೆಸರು ಬದಲಾಯಿಸಿದರೆ ಸಾಲದು. ರಾಜ್ಯದಲ್ಲಿ ಲಾಭರಹಿತ ಸಂಸ್ಥೆ ಅಂತ ಹೊಸದಾಗಿ ನೋಂದಾಯಿಸಬೇಕು, ಐಆರ್‌ಎಸ್‌ನಿಂದ ಹೊಸ ಇಐಎನ್, ಅಂದರೆ ಸಂಸ್ಥೆಯ ತೆರಿಗೆ ಗುರುತಿನ ನಂಬರ್, ಪಡೆಯಬೇಕು (ಅದು ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ), ಆ ನಂಬರ್ ಇಟ್ಟುಕೊಂಡು ಹೊಸ ಬ್ಯಾಂಕ್ ಖಾತೆ ತೆರೆಯಬೇಕು. ಆಮೇಲೆ 501(ಸಿ)(3) ಅರ್ಜಿ, ಅಂದರೆ ದತ್ತಿ ಸಂಸ್ಥೆ ಅಂತ ತೆರಿಗೆ ವಿನಾಯಿತಿ ಕೇಳುವ ಅರ್ಜಿ. ವರ್ಷಕ್ಕೆ 50,000 ಡಾಲರ್‌ಗಿಂತ ಜಾಸ್ತಿ ಹಣ ಬರುವುದಿಲ್ಲ, ಒಟ್ಟು ಆಸ್ತಿ 2,50,000 ಡಾಲರ್ ದಾಟುವುದಿಲ್ಲ ಅಂದರೆ 1023-ಈಝಡ್ ಅನ್ನುವ ಚಿಕ್ಕ ಅರ್ಜಿ ಸಾಕು. ಶುಲ್ಕ 275 ಡಾಲರ್. ಅದಕ್ಕಿಂತ ದೊಡ್ಡ ಗುಂಪಾದರೆ ಪೂರ್ತಿ 1023, ಶುಲ್ಕ 600. ಸಂಸ್ಥೆ ಹುಟ್ಟಿ 27 ತಿಂಗಳ ಒಳಗೆ ಅರ್ಜಿ ಹಾಕಿದರೆ ವಿನಾಯಿತಿ ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ವರ್ಷ ಐಆರ್‌ಎಸ್‌ಗೆ ಲೆಕ್ಕ ಹೇಳಬೇಕು. 50,000 ಡಾಲರ್ ಒಳಗಿನವರಿಗೆ 990-ಎನ್ ಅನ್ನುವ ಚಿಕ್ಕ ಫಾರ್ಮ್ ಸಾಕು, ಹತ್ತು ನಿಮಿಷದ ಕೆಲಸ. ನಿಮ್ಮ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿದರೆ ಕೊನೆ ದಿನ ನವೆಂಬರ್ 15. ಸತತ ಮೂರು ವರ್ಷ ಹಾಕದಿದ್ದರೆ ವಿನಾಯಿತಿ ತಾನಾಗಿಯೇ ರದ್ದು. ಯಾರೂ ಬಂದು ವಿಚಾರಿಸುವುದಿಲ್ಲ. ನಮ್ಮ ಪಕ್ಕದ ಶಾಲೆಯ ಗುಂಪಿಗೆ ಆದದ್ದು ಇದೇ. ಐಆರ್‌ಎಸ್ ಪತ್ರಗಳೆಲ್ಲ ಎಂದೋ ಊರು ಬಿಟ್ಟು ಹೋದ ಹಳೆಯ ಖಜಾಂಚಿಯ ಮನೆಗೆ ಹೋಗುತ್ತಿದ್ದವು. ಹೊಸಬರಿಗೆ ಗೊತ್ತಾಗಿದ್ದು ಒಂದು ಕಂಪನಿ ದಾನ ಕೊಡಲು ಬಂದು, ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ ಅಂದಾಗ. ಅದಕ್ಕೇ ಮೊದಲ ದಿನದಿಂದ ವಿಳಾಸ ಶಾಲೆಯದ್ದೇ ಕೊಡಿ. ಮೇಲ್ ಐಡಿ ಕೂಡ "ಖಜಾಂಚಿ" ಅನ್ನುವ ಹುದ್ದೆಯ ಹೆಸರಿನಲ್ಲಿ ಇರಲಿ, ಯಾರ ಸ್ವಂತದ್ದೂ ಬೇಡ.

ನಗದು ಹಣ ಎಣಿಸುವ ಪದ್ಧತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಗುಂಪಿನ ಮೇಲಿನ ನಂಬಿಕೆ ನಿಂತಿರುವುದು ಇದರ ಮೇಲೆ. ನಮ್ಮ ಕಾರ್ನಿವಲ್ ರಾತ್ರಿ ಮುಗಿಯುವ ಹೊತ್ತಿಗೆ ಎಲ್ಲರೂ ಸುಸ್ತಾಗಿರುತ್ತಾರೆ. ಮಕ್ಕಳು ಜಿಮ್‌ನಲ್ಲಿ ಓಡಾಡುತ್ತಿರುತ್ತಾರೆ, ಯಾರೋ ಕುರ್ಚಿ ಮಡಚುತ್ತಿರುತ್ತಾರೆ. ಆಗ "ಮನೆಗೆ ಒಯ್ದು ನಾಳೆ ಎಣಿಸಿದರಾಯಿತು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಖಂಡಿತ ಬೇಡ. ಕ್ಯಾಫೆಟೇರಿಯಾದ ಒಂದು ಮೇಜಿಗೆ ಎಲ್ಲ ಡಬ್ಬಿ ತಂದು ಸುರಿಯುತ್ತಿದ್ದೆವು. ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ಒಬ್ಬರು ನೋಟುಗಳನ್ನು ಬೇರೆ ಬೇರೆ ಮಾಡಿ ಜೋಡಿಸುತ್ತಾರೆ, ಇನ್ನೊಬ್ಬರು ಎಣಿಸಿ ಚೀಟಿಯಲ್ಲಿ ಬರೆಯುತ್ತಾರೆ, ಆಮೇಲೆ ಅದಲು ಬದಲು. ಎರಡು ಲೆಕ್ಕ ತಾಳೆಯಾದ ಮೇಲೆ ಇಬ್ಬರೂ ಸಹಿ ಹಾಕಿ, ಚೀಟಿಯ ಒಂದು ಪ್ರತಿ ಹಣದ ಚೀಲದ ಒಳಗೆ, ಇನ್ನೊಂದು ಸೆಕ್ರೆಟರಿ ಕೈಗೆ. ಅದೇ ರಾತ್ರಿ ಬ್ಯಾಂಕಿನ ಡಿಪಾಸಿಟ್ ಪೆಟ್ಟಿಗೆಗೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬಂದಾಗ ಚೆಕ್‌ಗೆ ಸಹಿ ಹಾಕುವ ಅಧಿಕಾರ ಇಲ್ಲದ ಒಬ್ಬರು ಅದನ್ನು ಚೀಟಿಯ ಜೊತೆ ಹೋಲಿಸಿ ನೋಡುತ್ತಾರೆ. ಯಾರ ಮೇಲೂ ಅನುಮಾನ ಇದ್ದು ಹೀಗೆ ಮಾಡುತ್ತಿರಲಿಲ್ಲ. ನಾಳೆ ಹತ್ತು ಡಾಲರ್ ಕಮ್ಮಿ ಬಂದರೆ ಖಜಾಂಚಿಯ ಹೆಸರು ಕೆಡಬಾರದು, ಅದಕ್ಕೆ.

ಇನ್ನೊಂದು ಆಸೆ ಎಲ್ಲ ಗುಂಪಿಗೂ ಬರುತ್ತದೆ. ಯಾರ ಮಗು ಜಾಸ್ತಿ ಮಾರಿತೋ ಆ ಮಗುವಿನ ಫೀಲ್ಡ್ ಟ್ರಿಪ್ ಖರ್ಚಿಗೆ ಆ ದುಡ್ಡು ಜಮಾ ಮಾಡೋಣ ಅಂತ. ಇದು 501(ಸಿ)(3)ಗೆ ಅಪಾಯ. 2013ರಲ್ಲಿ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಅನ್ನುವ ಪೋಷಕರ ಗುಂಪು ಇದೇ ಕಾರಣಕ್ಕೆ ತೆರಿಗೆ ಕೋರ್ಟಿನಲ್ಲಿ ಸೋತಿತು. ಎತ್ತಿದ ಹಣ ಎಲ್ಲ ಮಕ್ಕಳಿಗೆ ಸಲ್ಲಬೇಕು. ಕಾನೂನು ಹಾಗೆ ಹೇಳದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಪರಿಚಿತರು, ನೆಂಟರು ಇಲ್ಲದ ಮನೆಯ ಮಗು ಯಾರಿಗೆ ಮಾರಬೇಕು ಹೇಳಿ.

ಈಗ ನಿಮ್ಮ ಯಜಮಾನರ ಪ್ರಶ್ನೆ. ರ‍್ಯಾಫಲ್ ಟಿಕೆಟ್‌ಗೆ ಗುಂಪು ಬೇಡ, ನಿಜ. ಗುಂಪು ಬೇಕಾಗುವುದು ಇಂಥದ್ದಕ್ಕೆ. ನಮ್ಮ ಶಾಲೆಯ ಹಿಂಬದಿ ಗೇಟಿನ ಮುಂದೆ ಒಂದು ಅಗಲವಾದ ರಸ್ತೆ. ಆಚೆ ಕಡೆಯ ಅಪಾರ್ಟ್‌ಮೆಂಟಿನ ಮಕ್ಕಳು ಅದನ್ನು ದಾಟಿಯೇ ಬರಬೇಕು. ದಾಟುವ ಪಟ್ಟೆ ಇರಲಿಲ್ಲ. ಮುಂದಿನ ಗೇಟಿನಲ್ಲಿ ಕಾರಿನಿಂದ ಇಳಿಸುವ ನಮಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮೀಟಿಂಗಿಗೆ ಹೊಸದಾಗಿ ಬಂದ ಒಬ್ಬ ತಾಯಿ ಎದ್ದು ನಿಂತು, ಫೋನಿನಲ್ಲಿ ತೆಗೆದ ವಿಡಿಯೊ ತೋರಿಸಿದರು. ಒಂದು ಹುಡುಗಿ ತಮ್ಮನ ಕೈ ಹಿಡಿದು ರಸ್ತೆ ಮಧ್ಯದವರೆಗೆ ಬಂದು, ಕಾರು ನೋಡಿ ಹಿಂದಕ್ಕೆ ಓಡುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ಓಡುತ್ತಾಳೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಪ್ರಿನ್ಸಿಪಾಲರಿಗೆ ಕಾಳಜಿ ಇತ್ತು. ಆದರೆ ಅವರು ಡಿಸ್ಟ್ರಿಕ್ಟ್ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ನೌಕರರು. ನಗರ ಸಭೆಯ ಮುಂದೆ ನಿಂತು ನಗರದ ತಪ್ಪು ಎತ್ತಿ ಹೇಳಲು ಮೇಲಿನವರ ಒಪ್ಪಿಗೆ ಬೇಕಿತ್ತು. ನಮಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಬೆಳಗ್ಗೆ ಸರದಿಯ ಮೇಲೆ ನಿಂತು ದಾಟುವ ಮಕ್ಕಳನ್ನು ಎಣಿಸಿದೆವು, ಆ ತಾಯಿಯನ್ನೇ ಮಾತಾಡಲು ಕಳಿಸಿದೆವು, ಅವರ ಭಾಷೆಗೆ ಒಬ್ಬ ಟೀಚರ್ ಅನುವಾದಕ್ಕೆ ನಿಂತರು. ಈಗ ಅಲ್ಲಿ ಪಟ್ಟೆ ಇದೆ, ಮಿನುಗುವ ದೀಪ ಇದೆ. ಇದಕ್ಕೆ ನಾವು ಎತ್ತಿದ ಹಣದಲ್ಲಿ ಒಂದು ಡಾಲರ್ ಕೂಡ ಖರ್ಚಾಗಲಿಲ್ಲ. ಸ್ವತಂತ್ರ ಗುಂಪು ಅಂದರೆ ನನ್ನ ಪಾಲಿಗೆ ಇದು. ರಾಷ್ಟ್ರೀಯ ಸಂಸ್ಥೆಯಿಂದ ಬಿಡಿಸಿಕೊಳ್ಳುವುದು ಸುಲಭ. ಪ್ರಿನ್ಸಿಪಾಲರ ಕೊಠಡಿಯಿಂದಲೂ, ಮೊದಲಿನಿಂದ ಇರುವ ಐದಾರು ಮನೆಗಳ ಹಿಡಿತದಿಂದಲೂ ಬಿಡಿಸಿಕೊಳ್ಳದೇ ಹೋದರೆ ಹೆಸರು ಏನಿದ್ದರೂ ಒಂದೇ.

ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ರಸ್ತೆ, ಬಜೆಟ್, ಕ್ಲಾಸಿನ ಗಾತ್ರದ ಬಗ್ಗೆ ದನಿ ಎತ್ತಬಹುದು. ಸ್ಕೂಲ್ ಬೋರ್ಡ್ ಚುನಾವಣೆಗೆ ನಿಂತವರ ಪರ ಅಥವಾ ವಿರುದ್ಧ ಒಂದು ಮೇಲ್ ಕೂಡ ಗುಂಪಿನ ಹೆಸರಿನಲ್ಲಿ ಹೋಗುವ ಹಾಗಿಲ್ಲ. 501(ಸಿ)(3)ಗೆ ಅದು ಪೂರ್ತಿ ನಿಷಿದ್ಧ. ಸೆಕ್ರೆಟರಿ ನೀವು, ಮೇಲ್ ಪಟ್ಟಿ ನಿಮ್ಮ ಕೈಯಲ್ಲಿದೆ. ಅಭ್ಯರ್ಥಿಗಳು ಕೇಳಿಯೇ ಕೇಳುತ್ತಾರೆ.

ಎರಡನೇ ಕ್ಲಾಸ್ ಅಮ್ಮ

ಸರ್, ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ತುಂಬಾ ಧನ್ಯವಾದ. ಗಂಡನಿಗೂ ಓದಲು ಕೊಟ್ಟೆ. ವಿಡಿಯೊ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಇದ್ದರು.

ಎರಡು ವಿಷಯ ಕೇಳಲಾ? ನಮ್ಮ ಪ್ರಿನ್ಸಿಪಾಲ್ ಒಳ್ಳೆಯವರು, ಆದರೆ ಹೊಸ ಖಾತೆಗೆ ತಾವೂ ಒಬ್ಬ ಸಹಿದಾರರಾಗುತ್ತೇನೆ, ಕೆಲಸ ಬೇಗ ಆಗುತ್ತದೆ ಅಂದಿದ್ದಾರೆ. ಮತ್ತೆ ಈಗಿರುವ ಹಣವನ್ನು ಹಾಗೇ ಹೊಸ ಖಾತೆಗೆ ವರ್ಗಾಯಿಸಿಬಿಡೋಣ ಅಂತ ಅಧ್ಯಕ್ಷೆ ಹೇಳುತ್ತಿದ್ದಾರೆ. ಎರಡೂ ಸರಿನಾ?

ಮಾಜಿ ಖಜಾಂಚಿ

ಎರಡೂ ಬೇಡ.

ಪ್ರಿನ್ಸಿಪಾಲ್ ಎಷ್ಟೇ ಒಳ್ಳೆಯವರಾದರೂ ಖಾತೆಗೆ ಸಹಿ ಬೇಡ. ಅವರು ಸದಸ್ಯರಾಗಿರಲಿ, ಪ್ರತಿ ಮೀಟಿಂಗಿಗೂ ಬರಲಿ, ಶಾಲೆಗೆ ಏನು ಬೇಕು ಅಂತ ಹೇಳಲಿ. ದುಡ್ಡು ಯಾವುದಕ್ಕೆ ಅಂತ ಸದಸ್ಯರು ಬಜೆಟ್‌ಗೆ ವೋಟ್ ಹಾಕಿ ತೀರ್ಮಾನಿಸಬೇಕು. ಸಹಿ ಅವರದ್ದೂ ಇದ್ದರೆ, ನಾಳೆ ಒಂದು ಖರ್ಚಿಗೆ ನೀವು ಬೇಡ ಅಂದಾಗ ಮಗಳ ಶಾಲೆಯ ಮುಖ್ಯಸ್ಥರ ಎದುರು ನಿಂತ ಹಾಗೆ ಆಗುತ್ತದೆ. ಅಂಥ ಸ್ಥಿತಿ ಯಾರಿಗೂ ಬರಬಾರದು. ಅವರ ದೃಷ್ಟಿಯಿಂದಲೂ ಇದು ಒಳ್ಳೆಯದು. ಎಷ್ಟೋ ಡಿಸ್ಟ್ರಿಕ್ಟ್‌ಗಳು ನೌಕರರು ಪೋಷಕರ ಗುಂಪಿನ ಖಾತೆಗೆ ಸಹಿ ಹಾಕುವುದನ್ನು ಒಪ್ಪುವುದಿಲ್ಲ. ಗೌರವದಿಂದ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಹಣ. ಅದು ಪಿಟಿಎ ಘಟಕದ ಹಣ. ಘಟಕ ಮುಚ್ಚಿದರೆ ಉಳಿದ ಹಣ ಎಲ್ಲಿಗೆ ಹೋಗಬೇಕು ಅಂತ ನಿಮ್ಮ ಈಗಿನ ಬೈಲಾದಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಅದೇ ಉದ್ದೇಶ ಇರುವ, 501(ಸಿ)(3) ಮಾನ್ಯತೆ ಆಗಲೇ ಸಿಕ್ಕಿರುವ ಸಂಸ್ಥೆಗೆ ಕೊಡಬಹುದು ಅಂತ ಇರುತ್ತದೆ. ನಿಮ್ಮ ಪಿಟಿಓ ಇನ್ನೂ ಹುಟ್ಟಿಲ್ಲ ಅಂದಮೇಲೆ ಆ ಮಾನ್ಯತೆ ಎಲ್ಲಿಂದ ಬರಬೇಕು? ಅದಕ್ಕೇ ಸುಮ್ನೆ ವರ್ಗಾಯಿಸಬೇಡಿ. ಮೊದಲು ಬೈಲಾ ತರಿಸಿ ವಿಸರ್ಜನೆಯ ಭಾಗ ಓದಿ. ರಾಜ್ಯದ ಪಿಟಿಎಗೆ ಲಿಖಿತ ನೋಟಿಸ್ ಕೊಡಬೇಕಾ, ಎಷ್ಟು ದಿನ ಮುಂಚೆ, ಎಷ್ಟು ಬಹುಮತ ಅಂತ ನೋಡಿ. ಕೆಲವು ಶಾಲೆಗಳು ಈ ವರ್ಷದ ಬಜೆಟ್‌ನಲ್ಲಿ ಒಪ್ಪಿದ ಖರ್ಚನ್ನೆಲ್ಲ ಮುಗಿಸಿ, ಲೈಬ್ರರಿಗೆ, ಕ್ಲಾಸ್‌ಗಳಿಗೆ ಕೊಡಬೇಕಾದ್ದನ್ನು ಕೊಟ್ಟು, ಆಮೇಲೆ ಮುಚ್ಚುತ್ತವೆ. ಅದು ನೇರವಾದ ದಾರಿ. ಹಾಂ, ಪಿಟಿಎ ಅನ್ನುವ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್. ಹಳೆಯ ಬ್ಯಾನರ್, ಟೀ ಶರ್ಟ್ ಉಪಯೋಗಿಸಬೇಡಿ.

ಮೂರನೇ ಕ್ಲಾಸ್ ಟೀಚರ್

ನಾನು ಇಲ್ಲಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡೂ ಥರದ ಗುಂಪು ನೋಡಿದ್ದೇನೆ. ಒಂದೇ ಕೋರಿಕೆ: ಟೀಚರ್‌ಗಳನ್ನು ಧನ್ಯವಾದದ ವಾರಕ್ಕೆ ಮಾತ್ರ ನೆನೆಸಿಕೊಳ್ಳುವ ಗುಂಪು ಆಗಬೇಡಿ.

ಸಂಜೆ ಏಳಕ್ಕೆ ಮೀಟಿಂಗ್ ಇಟ್ಟರೆ ನಮ್ಮಲ್ಲಿ ಹೆಚ್ಚಿನವರು ಬರಲು ಆಗುವುದಿಲ್ಲ. ನಮಗೂ ಮನೆ ಇದೆ, ಮಕ್ಕಳಿದ್ದಾರೆ. ಹಿಂದೆ ನಾನಿದ್ದ ಶಾಲೆಯಲ್ಲಿ ಒಂದು ಮೀಟಿಂಗ್ ಸಂಜೆ, ಮುಂದಿನದು ಶಾಲೆ ಬಿಟ್ಟ ತಕ್ಷಣ ಲೈಬ್ರರಿಯಲ್ಲಿ ಇಡುತ್ತಿದ್ದರು. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ದೊಡ್ಡ ಕ್ಲಾಸಿನ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು. ಪ್ರತಿ ಗ್ರೇಡ್‌ನಿಂದ ಒಬ್ಬ ಟೀಚರ್ ಬರುತ್ತಿದ್ದರು.

ಅಲ್ಲಿ ಒಂದು ಪುಟದ ಅರ್ಜಿ ಇತ್ತು. ಏನು ಬೇಕು, ಎಷ್ಟು ಮಕ್ಕಳಿಗೆ, ಎಷ್ಟಾಗುತ್ತದೆ, ಯಾವಾಗ ಬೇಕು, ಇಷ್ಟೇ. ಮಾತಿನ ತೊಂದರೆ ಇರುವ ಮಕ್ಕಳಿಗೆ ಕಲಿಸುವ ನಮ್ಮ ಸ್ಪೀಚ್ ಥೆರಪಿಸ್ಟ್ ಒಂದು ಪುಟ್ಟ ಕನ್ನಡಿ ಸೆಟ್ ಕೇಳಿದರು. "ರ" ಹೇಳುವಾಗ ನಾಲಿಗೆ ಎಲ್ಲಿದೆ ಅಂತ ಮಗುವೇ ನೋಡಿಕೊಳ್ಳಲು. ಡಿಸ್ಟ್ರಿಕ್ಟ್ ಮೂಲಕ ತರಿಸಿದ್ದರೆ ವರ್ಷ ಮುಗಿಯುತ್ತಿತ್ತು. ಗುಂಪು ಅದೇ ವಾರ ಒಪ್ಪಿತು. ಇಂಥ ಚಿಕ್ಕ ಖರ್ಚನ್ನು ನಾವು ಸ್ವಂತ ಜೇಬಿನಿಂದಲೇ ಹಾಕಿಕೊಳ್ಳುತ್ತೇವೆ. ಅದಕ್ಕೆ ಕೇಂದ್ರ ತೆರಿಗೆಯಲ್ಲಿ ಸಿಗುತ್ತಿದ್ದ ಕಡಿತದ ಮಿತಿ 250 ಡಾಲರ್. 2022ರಲ್ಲಿ ಅದು 300 ಆಯಿತು. ಕ್ಲಾಸ್ ನಡೆಸುವವರಿಗೆ ಗೊತ್ತು, ಅಕ್ಟೋಬರ್ ಹೊತ್ತಿಗೇ ಅದು ದಾಟಿರುತ್ತದೆ.

ಇನ್ನೊಂದು. ಟೀಚರ್ ಅಥವಾ ಸಹಾಯಕರ ಸಂಬಳ ಕೊಡುವ ಭಾರ ಗುಂಪು ಹೊತ್ತುಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಒಂದು ವರ್ಷ ಹಣ ಕಮ್ಮಿ ಬಂದರೆ ಒಬ್ಬರ ಕೆಲಸ ಹೋಗುತ್ತದೆ. ವಸ್ತು ಕೊಡಿಸಿ, ಸಮಯ ಕೊಡಿ, ನಮ್ಮ ಮಾತು ಕೇಳಿ.

ಇಬ್ಬರು ಹುಡುಗರ ಅಪ್ಪ

ಟೀಚರ್ ಮೇಡಂ ಹೇಳಿದ ಸಂಬಳದ ಮಾತಿಗೆ ಒಂದು ಸೇರಿಸುತ್ತೇನೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ತುಂಬಾ ವರ್ಷ ಪೋಷಕರು ಹಣ ಎತ್ತಿ ತಮ್ಮ ಶಾಲೆಗೆ ಹೆಚ್ಚುವರಿ ಸಿಬ್ಬಂದಿ ಇಟ್ಟುಕೊಳ್ಳಬಹುದಿತ್ತು. ಮೊದಲ 10,000 ಡಾಲರ್ ಬಿಟ್ಟು ಉಳಿದದ್ದರಲ್ಲಿ ಮೂರನೇ ಒಂದು ಪಾಲು ಎಲ್ಲ ಶಾಲೆಗಳ ಸಾಮಾನ್ಯ ನಿಧಿಗೆ ಹೋಗುತ್ತಿತ್ತು. ಹಾಗಿದ್ದೂ ಅನುಕೂಲಸ್ಥರ ಬಡಾವಣೆಯ ಶಾಲೆಗಳೇ ಮುಂದಿದ್ದವು. 2024ರಲ್ಲಿ ಸ್ಕೂಲ್ ಬೋರ್ಡ್ ಆ ಪದ್ಧತಿಯನ್ನೇ ನಿಲ್ಲಿಸಲು ತೀರ್ಮಾನಿಸಿತು.

ನನ್ನ ಮಕ್ಕಳ ಶಾಲೆ ಟೈಟಲ್ ಒನ್ ಶಾಲೆ, ಅಂದರೆ ಬಡ ಮನೆಯ ಮಕ್ಕಳು ಹೆಚ್ಚು ಇರುವುದಕ್ಕೆ ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ. ಇಲ್ಲಿ ಕಾರ್ನಿವಲ್ ಮಾಡಿದರೂ ದೊಡ್ಡ ಹಣ ಬರುವುದಿಲ್ಲ. ಆದರೆ ಇಂಥ ಶಾಲೆಗಳಲ್ಲಿ ಪೋಷಕರಿಗೆ ಕಾನೂನೇ ಕೊಟ್ಟ ಜಾಗ ಇದೆ. ಶಾಲೆ ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆಯಲೇಬೇಕು. ಪೋಷಕರ ಪಾಲ್ಗೊಳ್ಳುವಿಕೆಯ ನೀತಿಯನ್ನು ಪೋಷಕರ ಜೊತೆ ಕೂತು ಬರೆಯಬೇಕು. ಟೈಟಲ್ ಒನ್ ಹಣ 5,00,000 ಡಾಲರ್‌ಗಿಂತ ಜಾಸ್ತಿ ಪಡೆಯುವ ಡಿಸ್ಟ್ರಿಕ್ಟ್ ಅದರಲ್ಲಿ ಕನಿಷ್ಠ ಶೇ 1ರಷ್ಟನ್ನು ಇದಕ್ಕೇ ಎತ್ತಿಡಬೇಕು. ಎಷ್ಟೋ ಪೋಷಕರಿಗೆ ಇದು ಗೊತ್ತೇ ಇರುವುದಿಲ್ಲ. ನಮ್ಮ ಪಿಟಿಓ ಆ ಹಣ ಎಲ್ಲಿ ಖರ್ಚಾಗುತ್ತಿದೆ ಅಂತ ಕೇಳಿತು. ಆ ವರ್ಷದಿಂದ ಪೋಷಕರ ಮೀಟಿಂಗಿಗೆ ಸ್ಪ್ಯಾನಿಷ್ ಮತ್ತು ಅರೇಬಿಕ್ ಅನುವಾದಕರು ಬರುತ್ತಿದ್ದಾರೆ. ಸ್ವತಂತ್ರ ಗುಂಪು ಇರಲಿಲ್ಲ ಅಂದರೆ ಆ ಪ್ರಶ್ನೆ ಯಾರು ಕೇಳುತ್ತಿದ್ದರು?

ಹಳೇ ಸದಸ್ಯೆ

ರಸ್ತೆಯ ವಿಷಯ ಓದಿ ಸಂತೋಷವಾಯಿತು. ಪಿಟಿಎ ಘಟಕವೂ ಇದನ್ನು ಮಾಡಬಹುದು, ಮಾಡಿವೆ ಕೂಡ. ಆದರೆ ಚಂದಾ ಇಲ್ಲದೆ ಎಲ್ಲರಿಗೂ ವೋಟ್ ಅನ್ನುವುದು ನಮ್ಮಲ್ಲಿ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ನಮ್ಮ ಘಟಕದಲ್ಲಿ ಕಷ್ಟ ಇರುವವರ ಚಂದಾವನ್ನು ಬೇರೆ ಸದಸ್ಯರು ಕಟ್ಟುತ್ತಾರೆ, ಹೆಸರು ಹೇಳುವುದಿಲ್ಲ. ಒಳಗೇ ಉಳಿಯುವವರಿಗೆ ಅದೂ ಒಂದು ದಾರಿ.

ಎರಡನೇ ಕ್ಲಾಸ್ ಅಮ್ಮ

ಎಲ್ಲರಿಗೂ ಧನ್ಯವಾದ. ಬೈಲಾ ಸಿಕ್ಕಿತು, ಶಾಲೆಯ ಆಫೀಸಿನ ಹಳೆಯ ಫೈಲಿನಲ್ಲಿ ಇತ್ತು. ವಿಸರ್ಜನೆಗೆ ಮೂರನೇ ಎರಡರಷ್ಟು ಬಹುಮತ ಬೇಕು. ಮೀಟಿಂಗಿಗೆ 30 ದಿನ ಮುಂಚೆ ಎಲ್ಲ ಸದಸ್ಯರಿಗೂ ರಾಜ್ಯದ ಪಿಟಿಎಗೂ ಲಿಖಿತ ನೋಟಿಸ್ ಹೋಗಬೇಕು. ಅಂದರೆ ಮುಂದಿನ ತಿಂಗಳ ವೋಟ್ ಸಾಧ್ಯವೇ ಇಲ್ಲ. ಅಧ್ಯಕ್ಷೆಗೆ ಫೋನ್ ಮಾಡಿ ಹೇಳಿದೆ. ಮೊದಲು ಬೇಸರ ಮಾಡಿಕೊಂಡರು, ಆಮೇಲೆ ಒಪ್ಪಿದರು. ಸಹಿಯ ವಿಷಯ ಪ್ರಿನ್ಸಿಪಾಲರ ಹತ್ತಿರ ನಾವಿಬ್ಬರೂ ಒಟ್ಟಿಗೆ ಹೋಗಿ ಮಾತಾಡುತ್ತೇವೆ.

ಮುಂದಿನ ಮೀಟಿಂಗ್ ಶಾಲೆ ಬಿಟ್ಟ ತಕ್ಷಣ ಲೈಬ್ರರಿಯಲ್ಲಿ. ಅಜೆಂಡಾದಲ್ಲಿ ಒಂದೇ ವಿಷಯ ಇಟ್ಟಿದ್ದೇನೆ: ನಮ್ಮ ಗುಂಪು ಈ ವರ್ಷ ಯಾರ ಮಾತು ಕೇಳಿಲ್ಲ? ಮಗಳ ಬಸ್ಸಿನಲ್ಲಿ ಬರುವ ಮಕ್ಕಳ ಮನೆಯವರಿಗೆ ನಾನೇ ಫೋನ್ ಮಾಡುತ್ತಿದ್ದೇನೆ. ಖಜಾಂಚಿ ಸರ್, ಆ ಎಣಿಕೆ ಚೀಟಿಯ ನಮೂನೆ ನಿಮ್ಮ ಹತ್ತಿರ ಇದ್ದರೆ ಇಲ್ಲಿ ಹಾಕುತ್ತೀರಾ? ಪಿಟಿಎಯಲ್ಲೇ ಉಳಿದರೂ ಅದು ನಮಗೆ ಬೇಕು.

ಮಾಜಿ ಖಜಾಂಚಿ

ಖಂಡಿತ. ಕಾರ್ಯಕ್ರಮದ ಹೆಸರು ಮತ್ತು ದಿನಾಂಕ, ಯಾವ ಡಬ್ಬಿ, ಪ್ರತಿ ನೋಟಿನ ಸಂಖ್ಯೆ ಮತ್ತು ಮೊತ್ತ, ಚಿಲ್ಲರೆ, ಚೆಕ್‌ಗಳ ಪಟ್ಟಿ, ಒಟ್ಟು ಮೊತ್ತ, ಚಿಲ್ಲರೆಗೆ ಅಂತ ಮೊದಲೇ ಡಬ್ಬಿಯಲ್ಲಿ ಇಟ್ಟಿದ್ದನ್ನು ಕಳೆದ ಮೊತ್ತ, ಇಬ್ಬರ ಹೆಸರು, ಸಹಿ, ಸಮಯ. ಚೆಕ್ ಅಥವಾ ನಗದಾಗಿ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ದಾನ ಕೊಟ್ಟವರಿಗೆ ಒಂದು ಕಾಲಂ ಬೇರೆ ಮಾಡಿ. ಅವರಿಗೆ ತೆರಿಗೆ ಕಡಿತಕ್ಕೆ ನಿಮ್ಮಿಂದ ಲಿಖಿತ ರಸೀದಿ ಬೇಕಾಗುತ್ತದೆ, ಆಮೇಲೆ ಹುಡುಕುವುದು ಕಷ್ಟ. ಪೂರ್ತಿ ನಮೂನೆ ಇವತ್ತು ರಾತ್ರಿ ಹಾಕುತ್ತೇನೆ.